ರೈತನ ಸಾಲ: ದಿವಾಳಿಗೆ ಮುಂಚೆ ಮಾಡತಕ್ಕ ಲೆಕ್ಕ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್. ಏಜಿ.)

ಬೀಜ, ಗೊಬ್ಬರ, ಬೆಳೆಯ ರೋಗಗಳ ವಿಷಯವಾಗಿ ಬರೆಯತಕ್ಕ ಈ ಪತ್ರಿಕೆಯಲ್ಲಿ ಸಾಲದ ಮಾತು ಏತಕ್ಕೆಂದು ಕೆಲವು ವಾಚಕರು ಕೇಳಬಹುದು. ಕಡಪತ್ರವನ್ನು ಓದುವುದು ವಕೀಲರ ಕೆಲಸ, ಹೊಲವನ್ನು ನೋಡುವುದು ನಮ್ಮ ಕೆಲಸವೆಂಬುದು ನಿಜವೇ. ಆದರೆ ಸಾಲದ ಗುರುತು ಕೋರ್ಟಿನ ಕಾಗದದಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹಳ ಮುಂಚೆಯೇ ಹೊಲದಲ್ಲಿ ಕಾಣಿಸಿಕೊಳ್ಳುತ್ತದೆ. ಮಳೆ ಬಿದ್ದು ಹದ ಬಂದ ವಾರದಲ್ಲಿ ನೆರೆಯವನ ಕೂರಿಗೆ ನಡೆಯುತ್ತಿದ್ದರೆ ಸಾಲಗಾರನ ಹೊಲ ಖಾಲಿಯಾಗಿರುತ್ತದೆ. ಬೀಜವು ಕಡವಾಗಿ ದೊರೆಯುವವರೆಗೆ ಅವನು ಕಾಯಬೇಕು. ದನಗಳನ್ನು ಮಾರಿದ ಮನೆಯ ತಿಪ್ಪೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಒಡೆದ ಬದುವನ್ನು ಕಟ್ಟಿಸಲು ಕೂಲಿಗೆ ಹಣವಿಲ್ಲ. ಕೆರೆಗೋಡು ಹೊಡೆಯಿಸುವ ಮಾತಂತೂ ಇಲ್ಲವೇ ಇಲ್ಲ. ಬೆಳೆ ಬಂದಾಗ ರಾಗಿಯು ಕಣದಿಂದಲೇ ಸಾಲ ಕೊಟ್ಟವನ ಮನೆಗೆ ಸುಗ್ಗಿಯ ದರಕ್ಕೆ ಹೋಗುತ್ತದೆ. ಆಷಾಢದಲ್ಲಿ ಅದೇ ಮನೆಯವರು ಅಂಗಡಿಯಿಂದ ಏರಿದ ದರಕ್ಕೆ ರಾಗಿಯನ್ನು ಕೊಂಡು ತರುತ್ತಾರೆ. ಇಂಥ ಹೊಲಕ್ಕೆ ಉತ್ತಮವಾದ ತಳಿಯನ್ನು ಶಿಫಾರಸು ಮಾಡಿ ಬರುವುದರಿಂದ ಪ್ರಯೋಜನವೇನು? ರೋಗವು ಬೇರೆಡೆಯಲ್ಲಿದೆ.

ಸಾಲವು ಬರಗಾಲದಲ್ಲಿ ಹುಟ್ಟುತ್ತದೆಂಬುದು ಸಾಮಾನ್ಯವಾದ ನಂಬಿಕೆ. ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ಸತ್ಯ. ದೊಡ್ಡ ಸಾಲವು ಬಹುಮಟ್ಟಿಗೆ ಬೆಲೆ ಏರಿದ ವರ್ಷದಲ್ಲಿ ಹುಟ್ಟಿ, ಬೆಲೆ ಇಳಿದ ವರ್ಷದಲ್ಲಿ ಬೆಳೆದು, ಮಳೆ ಕೈಕೊಟ್ಟ ವರ್ಷದಲ್ಲಿ ಬಾಗಿಲಿಗೆ ಬರುತ್ತದೆ. ಅಮೆರಿಕದ ಅಂತರ್ಯುದ್ಧವು ನಡೆದ 1861 ರಿಂದ 1865 ರ ವರೆಗಿನ ಕಾಲದಲ್ಲಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗದೆ ನಿಂತು, ನಮ್ಮ ಧಾರವಾಡ ಸೀಮೆಯನ್ನೂ ಒಳಗೊಂಡು ಮುಂಬಯಿ ಪ್ರಾಂತ್ಯದ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ರೈತನ ಕೈಯಲ್ಲಿ ಹಣವಾಡಿತು. ಅದಕ್ಕಿಂತ ಹೆಚ್ಚಾಗಿ ಅವನಿಗೆ ಸಾಲ ಕೊಡಲು ಮುಂದೆ ಬರುವವರು ಹೆಚ್ಚಿದರು. ಯುದ್ಧ ನಿಂತ ಮೇಲೆ ಬೆಲೆ ಬಿದ್ದಿತು, ಸಾಲ ಮಾತ್ರ ಉಳಿಯಿತು. ಹತ್ತು ವರ್ಷಗಳಲ್ಲಿ, 1875 ರ ಮೇ ತಿಂಗಳಲ್ಲಿ, ಪುಣೆ ಜಿಲ್ಲೆಯ ಸುಪೆ ಎಂಬ ಗ್ರಾಮದಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದರು. ಈ ದಂಗೆಯು ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಅಲ್ಲಿ ಅವರು ಮುಖ್ಯವಾಗಿ ಹುಡುಕಿದ್ದು ಹಣವನ್ನಲ್ಲ, ಕಡಪತ್ರಗಳನ್ನು. ಸಿಕ್ಕಿದಲ್ಲೆಲ್ಲಾ ಅವನ್ನು ಸುಟ್ಟುಹಾಕಿದರು. ಇದರ ಮೇಲೆ ವಿಚಾರಣೆ ನಡೆದು 1879 ರಲ್ಲಿ ದಖ್ಖನಿನ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಬರೆದ ಪತ್ರದಲ್ಲಿ ಏನಿದೆಯೆಂದು ಮಾತ್ರ ನೋಡದೆ, ಮೊದಲು ಕೊಟ್ಟ ಅಸಲೆಷ್ಟು, ಬಡ್ಡಿ ಎಷ್ಟು ಸಲ ಅಸಲಿಗೆ ಸೇರಿತು ಎಂಬ ಇಡೀ ವ್ಯವಹಾರದ ಚರಿತ್ರೆಯನ್ನು ಬಿಚ್ಚಿ ನೋಡುವ ಅಧಿಕಾರವು ನ್ಯಾಯಾಲಯಗಳಿಗೆ ದೊರೆಯಿತು. ಮೈಸೂರು ಸಂಸ್ಥಾನದಲ್ಲಿಯೂ 1928 ರಲ್ಲಿ ಕೃಷಿಕರ ಪರಿಹಾರ ಕಾಯಿದೆಯೊಂದು ಜಾರಿಗೆ ಬಂದಿತು.

ಸರ್ಕಾರವು ಕಾಯಿದೆಯಿಂದ ಮಾಡಿಸಿದ ಆ ಕೆಲಸವನ್ನು, ಎಂದರೆ ಸಾಲದ ಚರಿತ್ರೆಯನ್ನು ಬಿಚ್ಚಿ ನೋಡುವುದನ್ನು, ರೈತನು ತಾನೇ ತನ್ನ ಮನೆಯ ಜಗಲಿಯ ಮೇಲೆ ಕುಳಿತು ಮಾಡಿಕೊಳ್ಳುವುದಿಲ್ಲವೆಂಬುದೇ ನಾನು ಇಲ್ಲಿ ಹೇಳಬೇಕಾದ ಮುಖ್ಯ ವಿಷಯ. ಸಾಲದಲ್ಲಿರುವ ಹತ್ತು ಮಂದಿಯನ್ನು ಕೇಳಿ ನೋಡಿರಿ. ಒಟ್ಟು ಎಷ್ಟು ಸಾಲವೆಂದು ಸರಿಯಾಗಿ ಹೇಳುವವರು ಒಬ್ಬರೋ ಇಬ್ಬರೋ. ಬ್ಯಾಂಕಿನದನ್ನು ಹೇಳುತ್ತಾರೆ, ಸಂಘದ್ದನ್ನು ಹೇಳುತ್ತಾರೆ; ಕೈಸಾಲವನ್ನು ಹೇಳುವುದಿಲ್ಲ; ಹೆಂಡತಿಯ ಒಡವೆಯನ್ನು ಅಡವಿಟ್ಟದ್ದನ್ನು ಮನೆಯವರಿಂದಲೇ ಮುಚ್ಚಿಟ್ಟಿರುತ್ತಾರೆ.

ಮಾತು ಸ್ಪಷ್ಟವಾಗುವುದಕ್ಕಾಗಿ ಒಂದು ಕಲ್ಪಿತ ಲೆಕ್ಕವನ್ನು ಹಾಕೋಣ. ಒಬ್ಬ ಒಕ್ಕಲಿಗನಿಗೆ ಆರು ಎಕರೆ ಜಮೀನು ಉಂಟೆಂದು ಇಟ್ಟುಕೊಳ್ಳಿ. ಎರಡು ಕೊಳವೆ ಬಾವಿಗಳನ್ನು ಕೊರೆಯಿಸಿದನು; ನೀರು ಬರಲಿಲ್ಲ. ಈಗ ಅವನಿಗೆ ಸಹಕಾರ ಸಂಘದ ಬೆಳೆಸಾಲ 2,00,000 ರೂಪಾಯಿ. ಬ್ಯಾಂಕಿನಲ್ಲಿ ಒಡವೆಯ ಮೇಲೆ ನೂರಕ್ಕೆ ವರ್ಷಕ್ಕೆ 9 ರಂತೆ 1,50,000. ಗೊಬ್ಬರದ ಅಂಗಡಿಯಲ್ಲಿ ತಿಂಗಳಿಗೆ ನೂರಕ್ಕೆ 2 ರಂತೆ 60,000. ಭಾವಮೈದುನನಿಂದ ಬಡ್ಡಿಯಿಲ್ಲದೆ ತಂದದ್ದು 40,000. ಊರಿನ ಒಬ್ಬರಿಂದ ತಿಂಗಳಿಗೆ ನೂರಕ್ಕೆ 3 ರಂತೆ ಕೈಸಾಲ 3,00,000. ಒಟ್ಟು ಏಳೂವರೆ ಲಕ್ಷ. ಸಂಘದ ಸಾಲವನ್ನು ವಾಯಿದೆಗೆ ಸರಿಯಾಗಿ ಕಟ್ಟಿದರೆ ಬಡ್ಡಿಯಿಲ್ಲ. ಉಳಿದವುಗಳ ವರ್ಷದ ಬಡ್ಡಿಯನ್ನು ಕೂಡಿಸಿದರೆ 1,35,900 ರೂಪಾಯಿ ಆಗುತ್ತದೆ. ಇದರಲ್ಲಿ ಕೈಸಾಲದ ಬಡ್ಡಿಯೊಂದೇ 1,08,000. ಎಂದರೆ ಸಾಲದಲ್ಲಿ ಐದರಲ್ಲಿ ಎರಡು ಪಾಲಾಗಿರುವ ಕೈಸಾಲವು ಬಡ್ಡಿಯಲ್ಲಿ ಐದರಲ್ಲಿ ನಾಲ್ಕು ಪಾಲನ್ನು ನುಂಗುತ್ತದೆ. "ನೂರಕ್ಕೆ ಮೂರು" ಎಂದರೆ ಕಿವಿಗೆ ಹಗುರವಾಗಿ ಕೇಳುತ್ತದೆ. ವರ್ಷಕ್ಕೆ ನೂರಕ್ಕೆ ಮೂವತ್ತಾರು ಎಂದು ಹೇಳಿಕೊಂಡರೆ ಹಾಗೆ ಕೇಳಿಸದು.

ಈ ಮನೆಯಲ್ಲಿ ಬೇಸಾಯದ ಖರ್ಚು, ಊಟ, ಬಟ್ಟೆ, ಮಕ್ಕಳ ಓದು ಇವೆಲ್ಲ ಕಳೆದು ಬಡ್ಡಿಗೆಂದು ಉಳಿಯುವುದು ವರ್ಷಕ್ಕೆ 90,000 ರೂಪಾಯಿ ಎನ್ನಿ. ಮೊದಲ ವರ್ಷ 45,900 ಕಡಮೆ ಬೀಳುತ್ತದೆ. ಅದನ್ನೂ ಅದೇ ನೂರಕ್ಕೆ ಮೂರರ ದರಕ್ಕೆ ತರುತ್ತಾನೆ. ಹೀಗೆ ಮೂರು ವರ್ಷ ಕಳೆಯುವಷ್ಟರಲ್ಲಿ, ಒಂದು ರೂಪಾಯಿಯನ್ನೂ ಹೊಸದಾಗಿ ಖರ್ಚು ಮಾಡದೆ, ಕೈಸಾಲವು ಮೂರು ಲಕ್ಷದಿಂದ ಸುಮಾರು 4,93,000 ಕ್ಕೆ ಏರಿರುತ್ತದೆ. ಆದರೆ ಮೊದಲನೆಯ ವರ್ಷವೇ ಅವನು ಮನಸ್ಸನ್ನು ಗಟ್ಟಿ ಮಾಡಿಕೊಂಡು, ಮೂರು ಲಕ್ಷ ಬೆಲೆ ಬರುವಷ್ಟು ಜಮೀನಿನ ತುಂಡೊಂದನ್ನು ಮಾರಿ ಕೈಸಾಲವನ್ನು ತೀರಿಸಿದ್ದರೆ? ಬಡ್ಡಿಯು 27,900 ಕ್ಕೆ ಇಳಿಯುತ್ತದೆ. ಉಳಿದ 62,100 ರಲ್ಲಿ ಅಂಗಡಿಯ ಸಾಲ ಮೊದಲ ವರ್ಷವೇ ಹರಿಯುತ್ತದೆ. ಮುಂದೆ ಒಡವೆ ಬಿಡಿಸಿಕೊಂಡು, ಆಮೇಲೆ ಉಳಿದದ್ದನ್ನು ಕಟ್ಟುತ್ತಾ ಹೋದರೆ ಮಾರಿದ ತುಂಡಿನಿಂದ ವರಮಾನವು ಸ್ವಲ್ಪ ಕುಗ್ಗಿದರೂ ಆರೇಳು ವರ್ಷಗಳಲ್ಲಿ ಮನೆ ನಿರಾಳವಾಗುತ್ತದೆ. ಪಿತ್ರಾರ್ಜಿತವನ್ನು ಮಾರಲಾರೆನೆಂದು ಹಟ ಹಿಡಿದವನು ಮೂರು ವರ್ಷಗಳ ಮೇಲೆ ಇಮ್ಮಡಿ ಮಾರಬೇಕಾಗುತ್ತದೆ. ಅದೂ ತುರ್ತಿನ ಬೆಲೆಗೆ, ಕೊಳ್ಳುವವನು ಹೇಳಿದ ದರಕ್ಕೆ.

ಸಾಲಗಳನ್ನು ತೀರಿಸುವ ಕ್ರಮದಲ್ಲಿ ನಮ್ಮ ರೈತರು ಮಾಡುವ ತಪ್ಪು ಇನ್ನೊಂದುಂಟು. ಯಾರು ಹೆಚ್ಚು ಗಟ್ಟಿಯಾಗಿ ಕೇಳುತ್ತಾರೋ ಅವರಿಗೆ ಮೊದಲು ಕೊಡುತ್ತಾರೆ. ಗಟ್ಟಿ ದನಿಯನ್ನಲ್ಲ, ಬಡ್ಡಿಯ ದರವನ್ನು ನೋಡಿ ತೀರಿಸತಕ್ಕದ್ದು. ಇದಕ್ಕೆ ಒಂದು ವಿನಾಯಿತಿ: ಸಂಘದ ಬೆಳೆಸಾಲವನ್ನು ವಾಯಿದೆ ಮೀರಿಸಬಾರದು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 2023 ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಆ ಸೌಲಭ್ಯವೆಲ್ಲವೂ ವಾಯಿದೆಗೆ ಕಟ್ಟುವವನಿಗೆ ಮಾತ್ರ. ಬೆಳೆ ನಷ್ಟವಾದ ವರ್ಷದಲ್ಲಿ ಬ್ಯಾಂಕಿನ ಬಾಗಿಲಿಗೆ ಹೋಗದೆ ತಪ್ಪಿಸಿಕೊಂಡು ತಿರುಗುವುದೂ ಸರಿಯಲ್ಲ. ರಿಸರ್ವ್ ಬ್ಯಾಂಕಿನ 2018 ರ ನಿರ್ದೇಶನದಲ್ಲಿ, ಪ್ರಕೃತಿ ವಿಕೋಪದಿಂದ ನೂರಕ್ಕೆ 33 ಅಥವಾ ಹೆಚ್ಚು ಬೆಳೆ ಹೋದಾಗ ಬೆಳೆಸಾಲವನ್ನು ದೀರ್ಘಾವಧಿಗೆ ಮಾರ್ಪಡಿಸಿಕೊಡಲು ಅವಕಾಶ ಕೊಡಲಾಗಿತ್ತು. ಅರ್ಜಿ ಹಾಕದವನಿಗೆ ಇಂಥ ಅವಕಾಶದಿಂದ ಏನೂ ದೊರೆಯದು. ಆಯಾ ವರ್ಷದ ನಿಯಮವನ್ನು ಬ್ಯಾಂಕಿನಲ್ಲಿ ಬರೆವಣಿಗೆಯ ಮೂಲಕ ಕೇಳತಕ್ಕದ್ದು. ಬಾಯಿಮಾತಿನ ಉತ್ತರವನ್ನು ನಂಬಿ ಮನೆಗೆ ಬರಬಾರದು.

ಇನ್ನು ಸಾಲಗಾರನು ಬೀಳುವ ಹಳ್ಳಗಳು. ಕಷ್ಟದಲ್ಲಿರುವವನ ಕೈಯಿಂದ ಸಾಲಕ್ಕೆ ಆಧಾರವೆಂದು ಹೇಳಿ ಶುದ್ಧ ಕ್ರಯಪತ್ರವನ್ನೇ ಬರೆಯಿಸಿಕೊಳ್ಳುವುದುಂಟು. "ಹಣ ಕೊಟ್ಟ ದಿನ ತಿರುಗಿ ಬರೆದುಕೊಡುತ್ತೇನೆ" ಎಂಬ ಮಾತು ಬಾಯಲ್ಲಿ ಮಾತ್ರ. ಸ್ವತ್ತು ವರ್ಗಾವಣೆ ಕಾಯಿದೆಗೆ 1929 ರಲ್ಲಿ ಮಾಡಿದ ತಿದ್ದುಪಾಟಿನಂತೆ, ತಿರುಗಿ ಕೊಡುವ ಷರತ್ತು ಅದೇ ಕ್ರಯಪತ್ರದಲ್ಲಿ ಬರೆದಿದ್ದರೆ ಮಾತ್ರ ಅದನ್ನು ಷರತ್ತಿನ ಕ್ರಯದ ಆಧಾರವೆಂದು ಎಣಿಸಲಾಗುತ್ತದೆ. ಬೇರೆ ಕಾಗದದಲ್ಲಿ ಬರೆದದ್ದು ಆ ಕೆಲಸಕ್ಕೆ ಬಾರದು. ರಿಜಿಸ್ಟರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಮುನ್ನ ಪತ್ರವನ್ನು ತನ್ನ ಕಡೆಯವರೊಬ್ಬರಿಂದ ಪೂರಾ ಓದಿಸಿ ಕೇಳತಕ್ಕದ್ದು. ಸಹಿ ಮಾಡಿದ ಖಾಲಿ ಚೆಕ್ಕನ್ನು ಕೊಡುವುದು ಇದಕ್ಕಿಂತಲೂ ಅಪಾಯ. ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ ಅದು ಸಿವಿಲ್ ಸಾಲವಾಗಿ ಮಾತ್ರ ಉಳಿಯದೆ ಕ್ರಿಮಿನಲ್ ಮೊಕದ್ದಮೆಯೂ ಆಗುತ್ತದೆ. ಎರಡು ವರ್ಷಗಳ ವರೆಗೆ ಸಜೆ, ಚೆಕ್ಕಿನ ಮೊಬಲಗಿನ ಎರಡರಷ್ಟು ಜುಲ್ಮಾನೆಗೆ ದಾರಿಯುಂಟು. ದಿವಾಳಿಯ ಅರ್ಜಿಯು ಇದರಿಂದ ಪಾರುಮಾಡುವುದಿಲ್ಲ.

ಅನ್ಯಾಯದ ಬಡ್ಡಿಗೆ ಕಾನೂನಿನ ತಡೆ ಇಲ್ಲದಿಲ್ಲ. ಬಡ್ಡಿ ವ್ಯಾಪಾರಕ್ಕೆ ಲೈಸೆನ್ಸು ಬೇಕೆಂಬುದು ನಮ್ಮ ರಾಜ್ಯದ 1961 ರ ಕಾಯಿದೆ. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸಿದ್ದು 2004 ರ ಕಾಯಿದೆ. ಸಣ್ಣ ಸಾಲಗಳ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು 2025 ರಲ್ಲಿಯೂ ಕಾನೂನು ಮಾಡಲಾಯಿತು. ಮನೆಯ ಮುಂದೆ ನಿಂತು ಹೆಂಗಸರನ್ನು ಬೈಯುವುದು, ಬಾಗಿಲಿಗೆ ಬೀಗ ಹಾಕುವುದು, ಎತ್ತುಗಳನ್ನು ಬಿಚ್ಚಿಕೊಂಡು ಹೋಗುವುದು ಇವುಗಳಿಗೆ ಯಾವ ಸಾಲಿಗನಿಗೂ ಅಧಿಕಾರವಿಲ್ಲ. ಡಿಕ್ರಿಯಾದ ಮೇಲೆಯೂ ಕೋರ್ಟಿನ ಅಮೀನನು ಎಲ್ಲವನ್ನೂ ಜಫ್ತಿ ಮಾಡುವಂತಿಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ 60 ನೆಯ ಸೆಕ್ಷನ್ನಿನಂತೆ ಕೃಷಿಕನ ಬೇಸಾಯದ ಉಪಕರಣಗಳು, ಅವನ ಜೀವನಕ್ಕೆ ಅವಶ್ಯವೆಂದು ಕೋರ್ಟಿಗೆ ತೋರುವ ದನಗಳು ಮತ್ತು ಬಿತ್ತನೆಯ ಬೀಜ, ಅವನು ವಾಸಮಾಡುವ ಮನೆ, ಅಡಿಗೆಯ ಪಾತ್ರೆ, ಹಾಸಿಗೆ ಬಟ್ಟೆ, ಹೆಂಗಸರು ಧರ್ಮಾಚಾರದಂತೆ ಮೈಮೇಲಿಂದ ತೆಗೆಯಕೂಡದ ಒಡವೆ ಇವು ಜಫ್ತಿಗೆ ಹೊರತು. ಮನೆಯನ್ನೇ ಆಧಾರವಾಗಿ ಬರೆದುಕೊಟ್ಟಿದ್ದರೆ ಮಾತು ಬೇರೆ. ಹಣವಿಲ್ಲದ್ದಕ್ಕಾಗಿಯೇ ಸಾಲಗಾರನನ್ನು ಜೈಲಿಗೆ ಹಾಕಕೂಡದು, ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದಿರುವವನನ್ನು ಮಾತ್ರ ಹಾಕಬಹುದೆಂದು ಸುಪ್ರೀಂ ಕೋರ್ಟು 1980 ರಲ್ಲಿ ತೀರ್ಮಾನಿಸಿದೆ.

ಇಷ್ಟೆಲ್ಲ ಮಾಡಿಯೂ ಸಾಲವು ಸ್ವತ್ತನ್ನು ಮೀರಿ ನಿಂತರೆ ಉಳಿಯುವುದು ದಿವಾಳಿಯ ಅರ್ಜಿ. ಹಳ್ಳಿಗಳಲ್ಲಿ ಇದನ್ನು "ಪಾಪರ್ ಆಗುವುದು" ಎನ್ನುತ್ತಾರೆ. ಕೋರ್ಟಿನ ಭಾಷೆಯಲ್ಲಿ ಪಾಪರ್ ಎಂದರೆ ಕೋರ್ಟ್ ಫೀಸು ಕೊಡಲಾರದೆ ದಾವೆ ಹೂಡುವವನು. ಅದು ಬೇರೆ, ಇದು ಬೇರೆ. ಈ ವಿಷಯದಲ್ಲಿ ಎರಡು ತಪ್ಪು ಕಲ್ಪನೆಗಳು ಹರಡಿವೆ. ಅರ್ಜಿ ಹಾಕಿದರೆ ಮನೆತನದ ಮಾನ ಹೋಯಿತೆಂದು ಕೆಲವರು ಹೆದರುತ್ತಾರೆ. ಆಸ್ತಿಯನ್ನು ಹೆಂಡತಿಯ ಹೆಸರಿಗೆ ಮಾಡಿ ಒಂದು ಚೀಟಿ ತಂದರೆ ಸಾಲವೆಲ್ಲ ಹಾರಿಹೋಯಿತೆಂದು ಮತ್ತೆ ಕೆಲವರು ಹಿಗ್ಗುತ್ತಾರೆ. ಎರಡೂ ತಪ್ಪು, ಎರಡನೆಯದು ಹೆಚ್ಚು ತಪ್ಪು.

ರೈತನಿಗೆ ಅನ್ವಯಿಸುವುದು 1920 ರ ಪ್ರಾಂತೀಯ ದಿವಾಳಿ ಕಾಯಿದೆ. ದಿವಾಳಿಯ ವಿಷಯದಲ್ಲಿ 2016 ರಲ್ಲಿ ಹೊಸ ಸಂಹಿತೆಯೊಂದು ಬಂದಿತಾದರೂ, ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗವನ್ನು 2019 ರ ಡಿಸೆಂಬರಿನಲ್ಲಿ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಜಾರಿಗೆ ತರಲಾಯಿತು. ಹಳೆಯ ಕಾಯಿದೆಯಂತೆ, ಸಾಲ ತೀರಿಸಲಾರದವನು, ಸಾಲವು 500 ರೂಪಾಯಿ ಮುಟ್ಟಿದ್ದರೆ ಅಥವಾ ಡಿಕ್ರಿಯ ಮೇಲೆ ಅವನ ದಸ್ತಗಿರಿಯೋ ಸ್ವತ್ತಿನ ಜಫ್ತಿಯೋ ಆಗಿದ್ದರೆ, ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಸರ್ಕಾರವು ಅಧಿಕಾರ ಕೊಟ್ಟ ಕೆಳಗಿನ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಸಾಲಿಗರ ಪಟ್ಟಿಯನ್ನೂ ತನ್ನ ಎಲ್ಲ ಸ್ವತ್ತಿನ ಪಟ್ಟಿಯನ್ನೂ ಅರ್ಜಿಯಲ್ಲಿ ಬರೆಯಬೇಕು. ಕೋರ್ಟು ಒಪ್ಪಿ ಅವನನ್ನು ದಿವಾಳಿಯೆಂದು ತೀರ್ಮಾನಿಸಿದರೆ, ಜಫ್ತಿಗೆ ಹೊರತಾದ ಸ್ವತ್ತನ್ನು ಬಿಟ್ಟು ಉಳಿದದ್ದೆಲ್ಲ ಕೋರ್ಟಿನ ಅಥವಾ ರಿಸೀವರನ ವಶಕ್ಕೆ ಹೋಗುತ್ತದೆ. ಬಿಡುಗಡೆಯ ಆಜ್ಞೆಯಾಗುವವರೆಗೆ ಅವನಿಗೆ ಹೊಸದಾಗಿ ಬಂದ ಸ್ವತ್ತೂ ಹಾಗೆಯೇ. ಅದನ್ನು ಮಾರಿ ಸಾಲಿಗರಿಗೆ ಪಾಲು ಹಂಚುತ್ತಾರೆ. ಆ ಬಳಿಕ ಸಾಲಿಗನೊಬ್ಬನು ಕೋರ್ಟಿನ ಅಪ್ಪಣೆಯಿಲ್ಲದೆ ಬೇರೆಯಾಗಿ ದಾವೆ ಹೂಡಿ ಪೀಡಿಸುವಂತಿಲ್ಲ. ದಸ್ತಗಿರಿಯಿಂದ ರಕ್ಷಣೆಯ ಆಜ್ಞೆಯನ್ನೂ ಕೇಳಬಹುದು.

ಇದರ ಮಿತಿಗಳನ್ನೂ ತಿಳಿದಿರಬೇಕು. ಜಮೀನನ್ನು ಆಧಾರ ಮಾಡಿಕೊಂಡ ಸಾಲಿಗನ ಹಕ್ಕಿಗೆ ದಿವಾಳಿಯಿಂದ ಬಾಧೆಯಿಲ್ಲ. ಸರ್ಕಾರಕ್ಕೆ ಕೊಡಬೇಕಾದ ಬಾಕಿಯಿಂದಲೂ, ಮೋಸದಿಂದ ಮಾಡಿದ ಸಾಲದಿಂದಲೂ ಬಿಡುಗಡೆಯಿಲ್ಲ. ಜಾಮೀನು ನಿಂತ ನೆರೆಯವನಿಗಂತೂ ಬಿಡುಗಡೆಯೇ ಇಲ್ಲ. ಸಾಲಗಾರನು ಪಾರಾದರೂ ಜಾಮೀನುದಾರನು ಸಿಕ್ಕಿಬೀಳುತ್ತಾನೆ. ಸ್ನೇಹಕ್ಕೆ ಸಹಿ ಹಾಕುವ ನಮ್ಮ ಜನರು ಇದನ್ನು ಎರಡು ಸಲ ಓದಿಕೊಳ್ಳಲಿ. ಬೆಲೆ ಪಡೆಯದೆ ಹೆಂಡತಿಗೋ ತಮ್ಮನಿಗೋ ಜಮೀನು ಬರೆದುಕೊಟ್ಟು ಎರಡು ವರ್ಷಗಳೊಳಗೆ ದಿವಾಳಿಯ ಅರ್ಜಿ ಬಂದರೆ ಆ ಪತ್ರವನ್ನು ರದ್ದುಪಡಿಸಬಹುದು. ಅರ್ಜಿಗೆ ಮುಂಚಿನ ಮೂರು ತಿಂಗಳೊಳಗೆ ಒಬ್ಬ ಸಾಲಿಗನಿಗೆ ಮಾತ್ರ ಮಿಕ್ಕವರಿಗಿಂತ ಹೆಚ್ಚು ಅನುಕೂಲವಾಗಲೆಂದು ಕೊಟ್ಟದ್ದನ್ನೂ ತಿರುಗಿ ಕೇಳಬಹುದು. ಸ್ವತ್ತನ್ನು ಮುಚ್ಚಿಟ್ಟರೆ ಅದೇ ಅಪರಾಧ. ಕೊನೆಗೆ ಬಿಡುಗಡೆಯ ಆಜ್ಞೆಗೆ ಬೇರೆಯಾಗಿ, ಕೋರ್ಟು ಗೊತ್ತುಪಡಿಸಿದ ಗಡುವಿನೊಳಗೆ ಅರ್ಜಿ ಹಾಕತಕ್ಕದ್ದು. ಇದನ್ನು ಮರೆತರೆ ದಿವಾಳಿಯ ತೀರ್ಮಾನವೇ ರದ್ದಾಗಿ, ಪಟ್ಟಪಾಡೆಲ್ಲ ವ್ಯರ್ಥ. ಸ್ವತ್ತಿನಿಂದ ಸಾಲಕ್ಕೆ ನೂರಕ್ಕೆ ಐವತ್ತು, ಎಂದರೆ ರೂಪಾಯಿಗೆ ಎಂಟಾಣೆಯಷ್ಟಾದರೂ ಹುಟ್ಟದಿದ್ದರೆ ಪೂರ್ಣ ಬಿಡುಗಡೆಯನ್ನು ನಿರಾಕರಿಸಲು ಅದೊಂದು ಕಾರಣ. ತನ್ನ ತಪ್ಪಿಲ್ಲದ ಸಂದರ್ಭದಿಂದ ಹಾಗಾಯಿತೆಂದು ತೋರಿಸಿದರೆ ಆ ಕಾರಣ ನಿಲ್ಲದು. ಮಳೆ ಹೋದದ್ದು, ಬಾವಿ ಬತ್ತಿದ್ದು ಇಂಥ ಸಂದರ್ಭಗಳು. ಆದರೆ ಅದನ್ನು ತೋರಿಸಲು ಕಾಗದ ಬೇಕು. ಜೂಜು, ದುಂದುವೆಚ್ಚ ಇವು ಅವನಿಗೆ ವಿರೋಧವಾಗಿ ನಿಲ್ಲುತ್ತವೆ.

ಇಲ್ಲಿ ಒಂದು ಕಠಿಣವಾದ ಮಾತನ್ನು ಹೇಳಲೇಬೇಕಾಗಿದೆ. ತಾನು ಇಲ್ಲವಾದರೆ ಸಾಲವೂ ಇಲ್ಲವಾಗುವುದೆಂದು ಯೋಚಿಸುವ ರೈತರಿದ್ದಾರೆ. ಹಾಗಾಗುವುದಿಲ್ಲ. ಸಾಲವು ಅವನು ಬಿಟ್ಟ ಆಸ್ತಿಯ ಮೇಲೆ ಉಳಿಯುತ್ತದೆ. ಲೆಕ್ಕ ತಿಳಿದಿದ್ದ ಒಬ್ಬನೇ ಹೋಗಿಬಿಟ್ಟ ಮೇಲೆ, ಏನೂ ತಿಳಿಯದ ಹೆಂಡತಿ ಮಕ್ಕಳು ಎಲ್ಲರನ್ನೂ ಎದುರಿಸಬೇಕಾಗುತ್ತದೆ. (ತೀರಿಹೋದವನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ, ಅವರು ಸ್ವಂತವಾಗಿ ದುಡಿದದ್ದಕ್ಕೆ ಆ ಸಾಲವು ತಗಲದು. ಗಾಬರಿಯಲ್ಲಿರುವ ವಿಧವೆಯಿಂದ ಹೊಸ ಕಡಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬರುವವರನ್ನು ಊರಿನವರು ತಡೆಯತಕ್ಕದ್ದು.) ಊಟ ಬಿಟ್ಟು, ಜನರ ಕಣ್ಣು ತಪ್ಪಿಸಿ, ಹೊಲಕ್ಕೂ ಹೋಗದೆ ಮಂಕಾಗಿ ಕುಳಿತವನನ್ನು ಒಂಟಿಯಾಗಿ ಬಿಡಕೂಡದು. ಮನಸ್ಸಿನ ಸಂಕಟಕ್ಕೆ ಸರ್ಕಾರವು 2022 ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಗ್ರಾಮದ ಹಿರಿಯರು ಮಾಡಬೇಕಾದ ಕೆಲಸವು ಇಲ್ಲಿಯೇ ಇದೆ. ವಂಶಪಾರಂಪರ್ಯದ ಪಟೇಲಿಕೆಯನ್ನು 1961 ರ ಕಾಯಿದೆಯು ತೆಗೆದುಹಾಕಿದ್ದರೂ, ಕಷ್ಟ ಬಂದವನು ಮೊದಲು ಬಂದು ಕೂರುವುದು ಇಂದಿಗೂ ಊರಿನ ದೊಡ್ಡವರ ಜಗಲಿಯ ಮೇಲೆಯೇ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905 ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಂಥ ಹಿರಿಯರೇ. ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಹೊರಟದ್ದು 1904 ರಲ್ಲಿ. ಮರುವರ್ಷವೇ ಒಂದು ಹಳ್ಳಿಯವರು ಅದನ್ನು ಉಪಯೋಗಿಸಿಕೊಂಡರು. ಆದರೂ ರೈತನು ಸಾಹುಕಾರನನ್ನು ಬಿಟ್ಟು ಸಂಘಕ್ಕೆ ಬರಲು ಬಹಳ ಕಾಲ ಹಿಡಿಯಿತು: 1951-52 ರ ಅಖಿಲ ಭಾರತ ಗ್ರಾಮೀಣ ಪತ್ತಿನ ಪರಿಶೀಲನೆಯಲ್ಲಿ ರೈತರ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ನೂರಕ್ಕೆ 3.1 ಮಾತ್ರ, ಲೇವಾದೇವಿಗಾರರಿಂದ ಬಂದದ್ದು ಸುಮಾರು 70.

ಹಿರಿಯರಿಗೆ ಒಂದು ಸಂಕೋಚವುಂಟು. ಊರಿನಲ್ಲಿ ಕೈಸಾಲ ಕೊಡುವವರು ಅನೇಕ ವೇಳೆ ಅನುಕೂಲಸ್ಥರಾದ ಭೂಮಾಲಿಕರೇ. ಈ ಪತ್ರಿಕೆಯ ವಾಚಕರಲ್ಲಿಯೂ ಅಂಥವರಿರಬಹುದು. ಅವರಿಗೂ ಒಂದು ಲೆಕ್ಕವನ್ನು ತೋರಿಸಬಹುದು. ನೂರಕ್ಕೆ ಮೂರರಂತೆ ಬೆಳೆದ ಸಾಲವು ದಿವಾಳಿಯ ಕೋರ್ಟಿಗೆ ಹೋದರೆ, ಆಧಾರವಿಲ್ಲದ ಸಾಲಿಗನಿಗೆ ರೂಪಾಯಿಗೆ ನಾಲ್ಕಾಣೆ ಬಂದರೆ ಅದೇ ಭಾಗ್ಯ. ಹಿಂದೂ ಧರ್ಮಶಾಸ್ತ್ರದ ದಾಮ್‌ದುಪಟ್ ಎಂಬ ನಿಯಮವು, ಒಂದು ಸಲಕ್ಕೆ ಅಸಲಿಗಿಂತ ಹೆಚ್ಚು ಬಡ್ಡಿಯನ್ನು ವಸೂಲು ಮಾಡಕೂಡದೆಂದು ಮುಂಬಯಿ ಪ್ರಾಂತ್ಯದ ನ್ಯಾಯಾಲಯಗಳಲ್ಲಿ ನಡೆದುಬಂದದ್ದು, ಸಾಹುಕಾರನಿಗೂ ಬುದ್ಧಿ ಹೇಳುವ ನಿಯಮವೇ. ಅಸಲನ್ನೂ ನ್ಯಾಯವಾದ ಬಡ್ಡಿಯನ್ನೂ ಮೂರು ನಾಲ್ಕು ಕಂತುಗಳಲ್ಲಿ ತೆಗೆದುಕೊಂಡು, ಪತ್ರವನ್ನು ಹರಿದುಹಾಕುವುದು ಇಬ್ಬರಿಗೂ ಲಾಭ.

ಇಂಥ ರಾಜಿಯನ್ನು ಪಂಚಾಯಿತಿಯ ಕಟ್ಟೆಯಲ್ಲಿ ಬಾಯಿಮಾತಿನಲ್ಲಿ ಮುಗಿಸದೆ, ತಾಲ್ಲೂಕಿನ ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿಗೆ ಒಯ್ಯುವುದು ಮೇಲು. 1987 ರ ಕಾಯಿದೆಯಂತೆ ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವುಂಟು. ಅದರ ಮೇಲೆ ಅಪೀಲು ಇಲ್ಲ. ಕೋರ್ಟಿನಲ್ಲಿದ್ದ ದಾವೆಯು ಅಲ್ಲಿ ತೀರಿದರೆ ಕಟ್ಟಿದ ಫೀಸು ವಾಪಸು ಬರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಗೊತ್ತಾದ ಮಿತಿಗಿಂತ ಕಡಮೆ ವರಮಾನವಿರುವವರಿಗೆ ವಕೀಲರ ನೆರವೂ ಉಚಿತ. ಹೋಗುವಾಗ ಪಹಣಿ, ಬ್ಯಾಂಕು ಮತ್ತು ಸಂಘದ ಪಾಸುಪುಸ್ತಕಗಳು, ಕಡಪತ್ರಗಳ ನಕಲು, ಒಡವೆ ಅಡವಿನ ಚೀಟಿ, ಬಡ್ಡಿ ಕೊಟ್ಟದ್ದಕ್ಕೆ ಇರುವ ರಸೀತಿಗಳು, ಬೆಳೆ ನಷ್ಟದ ಅಥವಾ ಬೆಳೆ ವಿಮೆಯ ಕಾಗದಗಳು ಇವನ್ನು ಒಂದು ಕಟ್ಟಾಗಿ ಕಟ್ಟಿಕೊಂಡು ಹೋಗತಕ್ಕದ್ದು. ರಸೀತಿ ಕೊಡದೆ ಬಡ್ಡಿ ತೆಗೆದುಕೊಂಡವರ ವಿಷಯದಲ್ಲಿ, ಯಾವ ತಿಂಗಳು ಎಷ್ಟು, ಯಾರ ಎದುರಿಗೆ ಕೊಟ್ಟದ್ದು ಎಂಬುದನ್ನು ನೆನಪಿರುವಷ್ಟು ಒಂದು ಹಾಳೆಯಲ್ಲಿ ಬರೆದು, ಎದುರಿಗಿದ್ದವರಿಂದ ರುಜು ಹಾಕಿಸಿ ಅದೇ ಕಟ್ಟಿನಲ್ಲಿ ಸೇರಿಸಿಡಬಹುದು.